ಟರ್ಬೊ ಗಾಡಿಯ ಎಡಗಡೆ ಸೀಟು

ಯಾದಗಿರಿಯ ರೈಲ್ವೆ ಸ್ಟೇಶನ್ ಎದುರಿನ ಚಹಾದಂಗಡಿಯಿಂದ ನಾವು ಮೂವರು ಸುರಪುರಕ್ಕೆ ಹೊರಟಾಗ ಮಧ್ಯಾಹ್ನ ಮೂರು ಗಂಟೆ. ಎರಡೂವರೆಗೇ ಹೊರಡಬೇಕಿತ್ತು, ಗಾಡಿ ನೋಡಲು ನೆರೆದ ಮಂದಿ ಬಿಡಲಿಲ್ಲ. ಕೊರಿಯಾದ ಕಂಪನಿಯೊಂದರ ಸಣ್ಣ ಕಾರು ಅದು, ನಮ್ಮ ಊರಿಗೆ ಹೊಸದು. ನೀಲಿ ಮೈ, ಗಾಲಿಯ ಸಂದಿನಲ್ಲಿ ಕೆಂಪಗೆ ಇಣುಕುವ ಬ್ರೇಕು, ಹಿಂದೆ ಎರಡು ಸೈಲೆನ್ಸರ್ ಬಾಯಿ. ಕಲಬುರಗಿಯ ಗೆಳೆಯರೊಬ್ಬರು ಮದುವೆಗೆಂದು ಯಾದಗಿರಿಗೆ ಬಂದವರು ಎರಡು ದಿನದ ಮಟ್ಟಿಗೆ ಅದನ್ನು ಭೀಮರಾಯನ ಕೈಗೆ ಕೊಟ್ಟಿದ್ದರು.

ಭೀಮರಾಯ ನನ್ನ ಪಕ್ಕದ ಮನೆಯವನು. ಸುಟ್ಟ ಪಂಪ್‌ಸೆಟ್ ಮೋಟರುಗಳಿಗೆ ತಂತಿ ಸುತ್ತಿ ಜೀವ ಕೊಡುವುದು ಅವನ ಕಸುಬು, ಗಾಡಿಗಳು ಅವನ ಹುಚ್ಚು. ಇದೇ ಗಾಡಿ ಕೊಳ್ಳಬೇಕೆಂದು ಎರಡು ವರ್ಷದಿಂದ ಮೊಬೈಲಿನಲ್ಲಿ ಅದರ ಬಗ್ಗೆ ಬಂದದ್ದೆಲ್ಲ ನೋಡಿದ್ದಾನೆ. ಶೋರೂಮಿಗೆ ಮರುದಿನದೊಳಗೆ ಹೂಂ ಅಥವಾ ಊಹೂಂ ಹೇಳಬೇಕಿತ್ತು. ಆದರೆ ಹೂಂ ಅನ್ನುವ ಅಧಿಕಾರ ಅವನ ಹೆಂಡತಿ ದೇವಕ್ಕನ ಬಳಿ ಇತ್ತು.

ಸಂಗತಿ ಇಷ್ಟು. ದೇವಕ್ಕನ ತಂದೆ ಸಾಯಿಬಣ್ಣ ಸುರಪುರದವರು, ಜೀವಮಾನವೆಲ್ಲ ಲಾರಿ ಓಡಿಸಿದವರು. ಕಣ್ಣು ಮಂಜಾಗಿ ಲೈಸೆನ್ಸ್ ಹೋದ ದಿನದಿಂದ ಇನ್ನೊಬ್ಬರು ಓಡಿಸುವ ಕಾರಿನಲ್ಲಿ ಕಾಲಿಟ್ಟಿಲ್ಲ. ಬಸ್ಸಿನಲ್ಲಿ ಹೋಗುತ್ತಾರೆ, ಅದೂ ಡ್ರೈವರ್ ಕಾಣಬಾರದೆಂದು ಕಟ್ಟಕಡೆಯ ಸೀಟಿನಲ್ಲಿ. ಮೊಮ್ಮಗಳ ತೊಟ್ಟಿಲಿನ ದಿನ ಅಳಿಯ ಹಳೆಯ ಕಾರು ತೆಗೆದುಕೊಂಡು ಬಸ್‌ಸ್ಟ್ಯಾಂಡಿನಲ್ಲಿ ಕಾದರೆ, ಇವರು ಅದರ ಪಕ್ಕದಿಂದಲೇ ಬಿಸಿಲಲ್ಲಿ ನಡೆದು ಮನೆಗೆ ಬಂದರಂತೆ. ಕೂಡಿದ ಬೀಗರ ಮುಂದೆ ದೇವಕ್ಕನ ಮುಖ ಸಣ್ಣದಾಯಿತು. ಮರುವಾರವೇ ಆ ಕಾರು ಮಾರಿಸಿದಳು.

ಹೊರಡುವ ಮುಂಚೆ ಅವಳು ನನ್ನೆದುರಿಗೇ ಹೇಳಿದಳು: “ನೋಡ್ರಿ ಮಾಸ್ತರ್ರ, ನೀವ ಸಾಕ್ಷಿ. ನಮ್ಮಪ್ಪ ಇದರಾಗ ಕುಂತ್ರ ಇವ್ರು ತಗೊಳ್ಳಲಿ. ಕುಂದರಂಗಿಲ್ಲ ಅಂದ್ರ ಈ ಮಾತ ನಮ್ಮನ್ಯಾಗ ಮತ್ತ ತೆಗಿಬಾರದು.”

ಚಹಾದಂಗಡಿಯ ಮುಂದೆ ಭೀಮರಾಯನ ಗಾಡಿ ಹುಚ್ಚಿನ ಗೆಳೆಯರು ನಾಲ್ಕೂ ದಿಕ್ಕಿನಿಂದ ತೀರ್ಪು ಕೊಡುತ್ತಿದ್ದರು. ಔಷಧ ಅಂಗಡಿಯವನು ಸ್ಟೇರಿಂಗ್ ಹಿಡಿದು ಸ್ಟೇಶನ್ ರಸ್ತೆಯಲ್ಲಿ ಒಂದು ಸುತ್ತು ಹಾಕಿ ಬಂದು, “ಕೈಯಾಗ ಹಿಡಿತ ಚಲೋ ಅದ. ಆದ್ರ ಸೀಟಿನ ಕೆಳಗ ಕಲ್ಲ ಇಟ್ಟಂಗ ಅನಸ್ತದ,” ಅಂದ. ಟೇಲರ್ ಒಬ್ಬ ಹಿಂದಿನ ಸೀಟಿನಲ್ಲಿ ಕೂತು ಮೊಳಕಾಲು ಅಳೆದು, “ಹಿಂದ ಇಬ್ಬರಿಗಿ ಆರಾಮ, ಮೂರನೇದಾಂವ ಉಸಿರ ಹಿಡಿಬೇಕು,” ಅಂದ. ಅಷ್ಟರಲ್ಲಿ ಭೀಮರಾಯ ಎಕ್ಸಿಲರೇಟರ್ ಒತ್ತಿದ. ಸೈಲೆನ್ಸರಿನಿಂದ ಗುಟುರು ಹೊರಟಿತು. ಟೇಲರ್ ಮೆಲ್ಲಗೆ, “ಇನ್ನೊಮ್ಮಿ ಒತ್ತು,” ಅಂದ.

ಭೀಮಾ ನದಿಯ ಸೇತುವೆ ದಾಟುವವರೆಗೆ ಗಾಡಿ ಎಲ್ಲ ಗಾಡಿಗಳಂತೆಯೇ ಇತ್ತು. ಬಿಸಿಲು ಹೊರಗೆ ಕಣ್ಣು ಕುಕ್ಕುತ್ತಿತ್ತು, ಒಳಗೆ ತಣ್ಣಗಿತ್ತು. ಸೇತುವೆಯ ಆಚೆ ರಸ್ತೆ ಖಾಲಿ ಸಿಕ್ಕಿತು. “ಗಟ್ಟಿ ಕೂಡ್ರಿ,” ಎಂದವನೇ ಭೀಮರಾಯ ಗೇರ್ ಇಳಿಸಿ ಕಾಲು ಒತ್ತಿದ. ಒಂದು ಕ್ಷಣ ಏನೂ ಆಗಲಿಲ್ಲ. ಆಮೇಲೆ ಯಾರೋ ದೊಡ್ಡ ಅಂಗೈಯನ್ನು ಬೆನ್ನಿಗೆ ಆನಿಸಿ ದಬ್ಬಿದ ಹಾಗೆ ಗಾಡಿ ಮುಂದಕ್ಕೆ ಹಾರಿತು. ನನ್ನ ಬೆನ್ನು ಸೀಟಿಗೆ ಅಂಟಿತು. ಎರಡೂ ಬದಿಯ ಜಾಲಿಗಿಡಗಳು ಒಂದೇ ಹಸಿರು ಗೋಡೆಯಾದವು. ಅರವತ್ತು ದಾಟಿದ ನನ್ನಂಥವನಿಗೆ ಅಂಜಿಕೆಯಾಗಬೇಕಿತ್ತು. ಬಾಯಲ್ಲಿ ನಗು ಬಂತು, ಯಾಕೆಂದು ಇವತ್ತಿಗೂ ಹೇಳಲಾರೆ.

ನಾನು ಕೇಳಿದ್ದಕ್ಕೆ ಭೀಮರಾಯ ಮೋಟರ್ ಬಿಚ್ಚಿಟ್ಟು ತೋರಿಸುವವನಂತೆ ಬಿಡಿಸಿ ಹೇಳಿದ. ಇಂಜಿನ್ ಬರೀ ಒಂದು ಲೀಟರಿನದು, ಮೂರೇ ಸಿಲಿಂಡರ್. ಹೊರಗೆ ಬಿಡುವ ಹೊಗೆಯ ರಭಸಕ್ಕೆ ಒಂದು ಸಣ್ಣ ಫ್ಯಾನು ತಿರುಗುತ್ತದೆ, ಅದು ಹೊಸ ಗಾಳಿಯನ್ನು ಒತ್ತಿ ಒತ್ತಿ ಇಂಜಿನ್ನಿಗೆ ತುಂಬುತ್ತದೆ. ಅದೇ ಟರ್ಬೊ. ಹಾಗಾಗಿ ಪುಟ್ಟ ಇಂಜಿನ್ನಿಗೆ ನೂರಿಪ್ಪತ್ತು ಕುದುರೆಯ ಬಲ. ಬಿಟ್ಟ ಉಸಿರೇ ಮತ್ತೆ ಬಲವಾಗಿ ಬರುವುದೆಂದರೆ ಸಣ್ಣ ಮಾತೇ? ಆ ಕಬ್ಬಿಣದ ತುಂಡಿನೊಳಗೆ ಇಷ್ಟು ಬುದ್ಧಿ ಇಟ್ಟವರು ಯಾವ ತಾಯಿಯ ಮಕ್ಕಳೋ ಎಂದು ನಾನು ದೋರನಹಳ್ಳಿಯವರೆಗೂ ಯೋಚಿಸುತ್ತಲೇ ಇದ್ದೆ. ಅಲ್ಲಿಯ ರಸ್ತೆ ಉಬ್ಬು ಗಾಡಿಯ ಹೊಟ್ಟೆಗೆ ತಾಗಿ ಗರ್ ಎಂದಾಗ ಯೋಚನೆ ನಿಂತಿತು.

“ತಿಂಗಳಿಗೊಮ್ಮೆ ಹೊಟ್ಟಿ ಹೊಲಿಸಬೇಕು ಇದಕ,” ಅಂದಳು ಹಿಂದಿನ ಸೀಟಿನಿಂದ ದೇವಕ್ಕ.

ಸುಮಾರು ಮೂವತ್ತೈದು ಕಿಲೋಮೀಟರ್ ದಾಟಿ, ಬುದ್ಧ ಮಲಗಿದಂತೆ ಕಾಣುವ ಗುಡ್ಡ ಎದುರಾದಾಗ ಶಹಾಪುರ ಬಂತು. ಅಲ್ಲಿ ಚಾಂದ್ ಉಸ್ತಾದರ ಗ್ಯಾರೇಜು. ಈ ಸೀಮೆಯಲ್ಲಿ ಗಾಡಿ ಕೊಳ್ಳುವವರು ಅವರ ಬಾಯಿಂದ ಒಂದು ಮಾತು ಕೇಳದೆ ಮುಂದುವರಿಯುವುದಿಲ್ಲ. ರಂಜಾನ್ ತಿಂಗಳು, ಅವರಿಗೆ ರೋಜಾ. ತಾವು ಹನಿ ನೀರೂ ಮುಟ್ಟದೆ ನಮಗೆ ಚಹಾ ತರಿಸಿದರು. ನಾವು ಬೇಡವೆಂದರೂ ಕೇಳಲಿಲ್ಲ. ಬಾನೆಟ್ ಎತ್ತಿ ಸುಮಾರು ಹೊತ್ತು ಬಗ್ಗಿ ನೋಡಿದರು, ಕೈ ಹಾಕಲಿಲ್ಲ.

“ಹೆಂಗದ ಉಸ್ತಾದ್?” ಅಂದ ಭೀಮರಾಯ.

“ಇದು ಜವಾರಿ ಹುಂಜ ಇದ್ದಂಗ. ಸಣ್ಣದು, ಜಿಗಿತದ. ಆದ್ರ ಜೋರಾಗಿ ಹೊಡದು ಬಂದಕೂಡಲೆ ಚಾವಿ ತಿರುವಿ ಬಂದ್ ಮಾಡಬ್ಯಾಡ್ರಿ. ಜರಾ ನಿಂದರಸ್ರಿ, ಒಳಗಿಂದು ತಣ್ಣಗಾಗ್ಲಿ.” ಸಾಯಿಬಣ್ಣನವರನ್ನು ಅವರು ಲಾರಿಯ ಕಾಲದಿಂದ ಬಲ್ಲವರು, ದೇವಕ್ಕನ ಷರತ್ತೂ ಕಿವಿಗೆ ಬಿದ್ದಿತ್ತು. ಆಮೇಲೆ ಹಿಂದಿನ ಸೀಟಿನತ್ತ ಬಾಗಿ ಅವಳಿಗೆ ಹೇಳಿದರು, “ನಿಮ್ಮಪ್ಪಗ ನಂದು ಸಲಾಂ ಹೇಳಮ್ಮ. ಅವರು ಕುಂತ್ರ ನಂಗೂ ಒಂದು ಫೋನ್ ಮಾಡು. ನಾ ನಂಬಂಗಿಲ್ಲ.”

ಅಲ್ಲಿಂದ ಸುರಪುರಕ್ಕೆ ಇಪ್ಪತ್ತೈದು ಕಿಲೋಮೀಟರಿನ ಆಸುಪಾಸು. ಹತ್ತಿಗುಡೂರಿನ ಹತ್ತಿರ ಕಾಲುವೆ ನೀರಿನ ಭತ್ತದ ಗದ್ದೆಗಳು, ನಡುನಡುವೆ ಒಣಗಲು ಹರವಿದ ಕೆಂಪು ಮೆಣಸಿನಕಾಯಿ. ಘಾಟು ಗಾಜು ಮುಚ್ಚಿದ್ದರೂ ಒಳಗೆ ಬಂತು. ಊರು ಹತ್ತಿರವಾದಂತೆ ದೇವಕ್ಕ ಸೆರಗಿನ ಅಂಚನ್ನು ಬೆರಳಿಗೆ ಸುತ್ತುವುದು, ಬಿಚ್ಚುವುದು ಮಾಡುತ್ತಿದ್ದಳು.

ಐದು ಗಂಟೆಗೆ ಸುರಪುರದ ಓಣಿಗೆ ಬಂದಾಗ ಕಂಡ ನೋಟಕ್ಕೆ ಮೂವರೂ ಬೆರಗಾದೆವು. ಸಾಯಿಬಣ್ಣ ಮನೆಯ ಮುಂದೆ ನಿಂತು ನಮ್ಮ ದಾರಿ ಕಾಯುತ್ತಿದ್ದರು. ಕಟ್ಟೆಯ ಮೇಲೆ ಒದ್ದೆ ಮಾಡಿದ ಗೋಣಿಚೀಲ, ಅಗಲ ತಟ್ಟೆಯಂಥ ದೊಡ್ಡ ಹಿತ್ತಾಳೆ ಪರಾತ, ಅದರಲ್ಲಿ ಒಂದು ಚೂರಿ. ಗಾಡಿ ನಿಂತದ್ದೇ ತಡ, ಅವರು ನಗುತ್ತ ಬಂದರು. ಬಾಗಿಲ ಕಡೆಗಲ್ಲ, ನೇರ ಹಿಂದಕ್ಕೆ ಹೋಗಿ ಡಿಕ್ಕಿಯ ಮೇಲೆ ಕೈಯಿಟ್ಟರು.

“ತೆಗಿರಿ ಅಳಿಯಂದ್ರ.”

ಭೀಮರಾಯ ತೆಗೆದ. ಒಳಗೆ ನನ್ನ ಕೈಚೀಲ, ಒಂದು ನೀರಿನ ಕ್ಯಾನು.

“ಎಲ್ಲ್ಯಾವ?”

“ಏನು ಮಾವ?”

“ತರಬೂಜ.”

ಕಲ್ಲಂಗಡಿ ಹಣ್ಣಿಗೆ ಆ ಓಣಿಯಲ್ಲಿ ಎಲ್ಲ ಮನೆಯವರೂ ತರಬೂಜ ಎನ್ನುತ್ತಾರೆ. ದೇವಕ್ಕನ ತಾಯಿ ನಿಂಗಮ್ಮ ಒಳಗಿನಿಂದ ಬಂದು ಅಳಿಯನನ್ನು ದುರುಗುಟ್ಟಿ ನೋಡಿದರು. “ಮುಂಜಾನಿ ಫೋನಿನ್ಯಾಗ ನೀನ ಅಂದೆಲ್ಲಪ, ಅತ್ತಿ, ತರಬೂಜ ತಗೊಂಡು ಬರಾಕತ್ತೀವಿ, ಮಾವಗ ಹೇಳ್ರಿ ಅಂತ?”

“ಟರ್ಬೊ ಅಂದ್ನಿ ಅತ್ತಿ. ಟರ್ಬೊ. ಗಾಡಿ ಹೆಸರದು.”

“ಗಾಡಿಗಿ ಯಾರಪ್ಪ ತರಬೂಜ ಅಂತ ಹೆಸರಿಡ್ತಾರ,” ಎಂದರು ನಿಂಗಮ್ಮ.

ನಾನು ನಕ್ಕೆ. ಸಾಯಿಬಣ್ಣನವರ ಮುಖ ನೋಡಿ ನಿಲ್ಲಿಸಿದೆ. ಎದುರು ಮನೆ ಕಾಸಿಮ್‌ಸಾಬರದು. ಇಪ್ಪತ್ತೆರಡು ವರ್ಷ ಸಾಯಿಬಣ್ಣನವರ ಲಾರಿಯಲ್ಲಿ ಕ್ಲೀನರ್ ಆಗಿದ್ದವರು. ಆ ದಿನ ಅವರ ಮನೆಯಲ್ಲಿ ಓಣಿಯ ಮಂದಿಗೆಲ್ಲ ಇಫ್ತಾರ್. ಹಣ್ಣು ತರಲು ಬೆಳಗ್ಗೆ ಹೊರಟಿದ್ದವರನ್ನು ಸಾಯಿಬಣ್ಣನವರೇ ತಡೆದು, ‘ತರಬೂಜ ನಂದು, ನನ್ನ ಅಳಿಯ ತರಾಕತ್ತಾನ’ ಎಂದು ಮಾತು ಕೊಟ್ಟುಬಿಟ್ಟಿದ್ದರು. ರೋಜಾ ಬಿಡಲು ಒಂದೂವರೆ ಗಂಟೆ ಉಳಿದಿತ್ತು. ಸಂತೆ ಬಜಾರದ ಹಣ್ಣು ಮಧ್ಯಾಹ್ನವೇ ಖಾಲಿ.

“ದೇವಾಪುರದ ಹೊಲದಾಗ ಸಿಗ್ತಾವ,” ಎಂದರು ಸಾಯಿಬಣ್ಣ, ಯಾರಿಗೂ ಹೇಳದವರ ಹಾಗೆ.

“ದಾರಿ ಹೇಳ್ರಿ ಮಾವ, ನಾ ತರ್ತೀನಿ.”

“ಹೇಳಿದ್ರ ತಿಳಿಯಂಗಿಲ್ಲ. ಕಾಲುವಿ ಏರಿ ಮ್ಯಾಲ ಹೋಗಿ ಎರಡು ಬೇವಿನ ಗಿಡ ಬಿಟ್ಟು ಹೊಳ್ಳಬೇಕು. ಹಣ್ಣೂ ನಿನಗ ಬಡದು ನೋಡಾಕ ಬರಂಗಿಲ್ಲ.”

“ಬಸ್ಸು?” ಎಂದ ಭೀಮರಾಯ.

“ಬಸ್ಸು ಏಳಕ್ಕ.”

ಎದುರು ಮನೆಯ ಬಾಗಿಲಲ್ಲಿ ಕಾಸಿಮ್‌ಸಾಬರು ಟೋಪಿ ಸರಿಮಾಡಿಕೊಳ್ಳುತ್ತ ನಿಂತಿದ್ದರು. ಎಲ್ಲ ಕೇಳಿಸಿಕೊಂಡಿದ್ದರು. ದೇವಕ್ಕ ನನಗೆ ಕಣ್ಣಲ್ಲೇ ಸನ್ನೆ ಮಾಡಿದಳು. ಇಬ್ಬರೂ ಹಿಂದಿನ ಸೀಟಿನಲ್ಲಿ ಕೂತೆವು. ಅವಳು ಪರಾತವನ್ನೂ ಗೋಣಿಚೀಲವನ್ನೂ ನಡುವೆ ಇಟ್ಟುಕೊಂಡು ಅಷ್ಟೂ ಜಾಗ ತುಂಬಿಸಿಬಿಟ್ಟಳು. ಸಾಯಿಬಣ್ಣ ಹಿಂದಿನ ಬಾಗಿಲು ತೆಗೆದರು, ನೋಡಿದರು, ಮುಚ್ಚಿದರು. ಓಣಿ ಪೂರ್ತಿ ನೋಡುತ್ತಿತ್ತು. ಮುಂದಿನ ಎಡಗಡೆ ಬಾಗಿಲು ತೆಗೆದು, ಚಪ್ಪಲಿಯ ಧೂಳು ಕೊಡವಿ, ಕೂತರು.

ಭೀಮರಾಯ ಗಾಡಿ ಹೊರಡಿಸಿದ. ಊರು ಬಿಡುವವರೆಗೆ ಮಾವನ ಬಲಗಾಲು ನೆಲದ ಮ್ಯಾಟನ್ನು ಒತ್ತುತ್ತಲೇ ಇತ್ತು, ಅಲ್ಲೊಂದು ಬ್ರೇಕು ಇದ್ದ ಹಾಗೆ. ಊರಾಚೆ ಹುಲ್ಲು ಹೇರಿದ ಟ್ರ್ಯಾಕ್ಟರ್ ಅರ್ಧ ರಸ್ತೆ ಹಿಡಿದು ತೆವಳುತ್ತಿತ್ತು. ಭೀಮರಾಯ ಹಿಂದೆಯೇ ಉಳಿದ.

“ಯಾಕ?”

“ನೀವು ಅದೀರಲ್ಲ ಮಾವ.”

ಮಾವ ಕತ್ತು ಚಾಚಿ ಮುಂದೆ ನೋಡಿದರು. “ಖಾಲಿ ಅದ. ಹೊಡಿ.”

ಭೀಮರಾಯ ತಾನೂ ಒಮ್ಮೆ ನೋಡಿಕೊಂಡು ಹೊಡೆದ. ಅದೇ ಅಂಗೈ ಬಂದು ನಾಲ್ವರನ್ನೂ ದಬ್ಬಿತು. ಟ್ರ್ಯಾಕ್ಟರ್ ಒಂದು ಕ್ಷಣದಲ್ಲಿ ಕನ್ನಡಿಯೊಳಗಿನ ಚುಕ್ಕೆಯಾಯಿತು. ಸಾಯಿಬಣ್ಣ ಮೇಲಿನ ಹಿಡಿಕೆಯನ್ನು ಹಿಡಿದಿದ್ದರು. ಅವರ ಕಾಲು ಒತ್ತುವುದನ್ನು ಮರೆತಿತ್ತು. ಕಣ್ಣಿನ ಮಂಜಿನ ಹಿಂದೆ ಏನೋ ಬೆಳಗಿದಂತಿತ್ತು. ನಾನು ಅದನ್ನು ಪಕ್ಕದಿಂದ ಅರ್ಧ ಮಾತ್ರ ಕಂಡೆ.

“ಹತ್ತಿ ಗಂಟು ಹೇರಿ ಘಾಟ್ ಹತ್ತೂಮುಂದ ನಮ್ಮ ಗಾಡಿ ಅಳ್ತಿತ್ತು. ನಾವೂ ಅದರ ಜೋಡಿ ಅಳ್ತಿದ್ವಿ,” ಎಂದರು. ಮತ್ತೆ ಎದುರಿನ ಡ್ಯಾಶ್‌ಬೋರ್ಡ್ ತಟ್ಟಿ, “ದಮ್ಮ ಅದ.”

ಭೀಮರಾಯ ಎರಡು ವರ್ಷ ಓದಿದ, ನೋಡಿದ ತೀರ್ಪುಗಳೆಲ್ಲ ಒಂದು ಕಡೆ, ಈ ಎರಡು ಮಾತು ಒಂದು ಕಡೆ. ಅವನ ಕಿವಿ ಕೆಂಪಾಯಿತು.

ದೇವಾಪುರದ ಹೊಲದಲ್ಲಿ ಸಾಯಿಬಣ್ಣ ಹಣ್ಣುಗಳನ್ನು ಬೆರಳ ಗೆಣ್ಣಿನಿಂದ ಬಡಿದು, ಕಿವಿಗೊಟ್ಟು, ಒಂಬತ್ತು ಆರಿಸಿದರು. ಒಂದಕ್ಕೆ ಐವತ್ತು ರೂಪಾಯಿ. ಡಿಕ್ಕಿಯಲ್ಲಿ ಏಳು ಹಿಡಿದವು, ಎರಡು ದೇವಕ್ಕನ ತೊಡೆಯ ಮೇಲೆ ಬಂದವು. ಭಾರಕ್ಕೆ ಗಾಡಿ ಹಿಂದೆ ಕುಸಿದಿತ್ತು. ಪ್ರತಿ ಉಬ್ಬಿನಲ್ಲೂ ಮಾವ “ಸಾವಕಾಶ, ಸಾವಕಾಶ” ಎನ್ನುತ್ತ ಬಂದರು. ಓಣಿ ಸೇರಿದಾಗ ಆರೂವರೆಗೆ ಐದು ನಿಮಿಷ ಇತ್ತು.

ಕಾಸಿಮ್‌ಸಾಬರ ಅಂಗಳದಲ್ಲಿ ಹಾಸಿದ ಜಮಖಾನೆಯ ಮೇಲೆ ಎಲ್ಲರೂ ಕೂತಿದ್ದರು. ಅಜಾನ್ ಆಯಿತು. ಖರ್ಜೂರ, ನೀರು, ಆಮೇಲೆ ಕೆಂಪಗೆ ಕತ್ತರಿಸಿಟ್ಟ ಹಣ್ಣು. ಮಂದಿ ತಿನ್ನುವುದರಲ್ಲಿ ತೊಡಗಿದಾಗ ಕಾಸಿಮ್‌ಸಾಬರು ಬೀಜ ಉಗುಳಿ ಗೆಳೆಯನತ್ತ ತಿರುಗಿದರು.

“ಏನಪಾ ಸಾಯಿಬಣ್ಣ, ಇಪ್ಪತ್ತೆರಡು ವರ್ಷ ನಿನ್ನ ಎಡಕ್ಕ ನಾ ಕುಂತೆ. ಎಡಕ್ಕ ಕುಂತ್ರ ದಾರಿ ಹೆಂಗ ಕಾಣ್ತದ ಅನ್ನೂದು ಇವತ್ತ ತಿಳೀತೇನು?”

ಸಾಯಿಬಣ್ಣ ಹಣ್ಣಿನ ಹೋಳನ್ನು ಕೆಳಗಿಟ್ಟರು. “ಗಟಾರ ಭಾಳ ಹತ್ತಿರ ಕಾಣ್ತದ.”

“ಹೌದಲ?”

“ನೀ ಅಂಜ್ತಿದ್ದೇನು ಕಾಸಿಮ್?”

“ದಿನಾ.”

“ಒಂದಿನಾನೂ ಅನ್ನಲಿಲ್ಲಲ್ಲೋ.”

“ಅಂದಿದ್ರ ನೀ ಗಾಡಿ ಹೊಡಿತಿದ್ದೇನು?”

ಸಾಯಿಬಣ್ಣ ಪರಾತದಲ್ಲಿದ್ದ ನಡುಭಾಗದ, ಬೀಜವಿಲ್ಲದ ಹೋಳನ್ನು ಹುಡುಕಿ ತೆಗೆದು ಗೆಳೆಯನ ಕೈಗಿಟ್ಟರು. ಆಮೇಲೆ ಬಾಗಿಲಲ್ಲಿದ್ದ ಮಗಳಿಗೆ ಕೇಳುವಂತೆ, “ನಾಳಿ ನಾವೂ ಯಾದಗಿರಿಗಿ ಬರ್ತೀವಿ. ಇವನೂ ಬರ್ತಾನ,” ಎಂದರು. ದೇವಕ್ಕ ಸೆರಗಿನಿಂದ ಮುಖ ಒರೆಸಿಕೊಂಡು ಗಂಡನಿಗೆ ಹೇಳಿದಳು: “ಫೋನ್ ಮಾಡ್ರಿ ಶೋರೂಮಿನವರಿಗಿ. ಕೆಂಪ ಬಣ್ಣ ಬ್ಯಾಡ ಅನ್ರಿ.”

ಮರುದಿನ ಬೆಳಗ್ಗೆ ನಿಂಗಮ್ಮನವರೂ ರೊಟ್ಟಿ ಗಂಟು ಕಟ್ಟಿಕೊಂಡು ತಯಾರಾದ್ದರಿಂದ ಗಾಡಿಯಲ್ಲಿ ನನಗೆ ಜಾಗ ಉಳಿಯಲಿಲ್ಲ. ಅವರು ಬಹಳ ಸಂಕೋಚಪಟ್ಟರು. ನಾನು ಮುಂಚೆಯೇ ಹೋಗಿ ಒಂಬತ್ತರ ಬಸ್ಸು ಹತ್ತಿದೆ. ಕಂಡಕ್ಟರ್ ಪಕ್ಕದ ಸೀಟು ಸಿಕ್ಕಿತು. ಹತ್ತಿಗುಡೂರು ಸಮೀಪಿಸುತ್ತಿದ್ದಾಗ ಹಿಂದಿನಿಂದ ಆ ಗುಟುರು ಕೇಳಿ ಕಿಟಕಿಗೆ ಬಗ್ಗಿದೆ. ನೀಲಿ ಗಾಡಿ ಬಲಗಡೆಯಿಂದ ಬಸ್ಸನ್ನು ದಾಟುತ್ತಿತ್ತು. ಮುಂದೆ ಎಡಕ್ಕೆ ಸಾಯಿಬಣ್ಣ, ಎದೆಯ ಮೇಲೆ ಕೈಕಟ್ಟಿ ದಾರಿ ನೋಡುತ್ತಿದ್ದರು. ಹಿಂದಿನ ಎಡಕಿಟಕಿಯಿಂದ ಕಾಸಿಮ್‌ಸಾಬರ ತಲೆಯೂ ತೋಳೂ ಪೂರಾ ಹೊರಗೆ. ಬಸ್ಸಿಗೂ ಕಾರಿಗೂ ನಡುವಿನ ಜಾಗವನ್ನು ಕಣ್ಣಲ್ಲಿ ಅಳೆಯುತ್ತ, ಜಾಗ ಸಾಕೆಂದು ಲಾರಿಯವರು ತಿಳಿಸುವ ಹಾಗೆ, ಹೊಸ ಗಾಡಿಯ ಬಾಗಿಲನ್ನು ಅಂಗೈಯಿಂದ ಪಟ್ ಪಟ್ ಎಂದು ಎರಡು ಸಲ ಬಡಿದರು. ಗಾಡಿ ಹಾರಿತು.

ಕಂಡಕ್ಟರ್ ನನ್ನ ಭುಜದ ಮೇಲಿಂದ ಇಣುಕಿ ಅದು ಕಣ್ಮರೆಯಾಗುವವರೆಗೆ ನೋಡಿದ. “ಯಾರ್ರಿ ಅವರು,” ಎಂದ, “ಕಾರಿಗಿ ಕ್ಲೀನರ್ ಇಟ್ಕೊಂಡಾರ?”