ಮೂರಡಿ ಸಮುದ್ರಕ್ಕೆ ಅಣ್ಣನ ಒನ್‌ವೇ

"ಈ ನೀರು ಯಾಕೆ ಹೀಗೆ ಜಗಳಾಡ್ತಾ ಉಂಟು?"

ಕಳೆದ ತಿಂಗಳ ಒಂದು ಭಾನುವಾರ, ಬೆಳಗಿನ ಎರಡನೇ ಕಾಫಿ ಹಿಡಿದುಕೊಂಡು ಅಣ್ಣ ಕೇಳಿದ ಪ್ರಶ್ನೆ ಇದು. ಕೇಳಿದ್ದು ನಮ್ಮ ಡೊಂಬಿವಲಿ ಮನೆಯ ಹಾಲ್‌ನಲ್ಲಿರುವ ಮೂರಡಿ ಉದ್ದದ ಗಾಜಿನ ತೊಟ್ಟಿಯನ್ನು ನೋಡಿ. ನಾನು ಆಗ ಸ್ಟೂಲಿನ ಮೇಲೆ ನಿಂತು, ಮೊಣಕೈವರೆಗೆ ಉಪ್ಪುನೀರಿನಲ್ಲಿ ಕೈ ಮುಳುಗಿಸಿದ್ದೆ.

ಮೊದಲೇ ಹೇಳಿಬಿಡುತ್ತೇನೆ. ತೊಟ್ಟಿ ನನ್ನದಲ್ಲ, ಮಗಳು ಮಾನಸಿಯದು. ಅಕ್ವೇರಿಯಂ ಅಂದರೆ ಬಣ್ಣದ ಮೀನು ಮತ್ತು ಬಾಯಿ ತೆರೆದು ಮುಚ್ಚುವ ಪ್ಲಾಸ್ಟಿಕ್ ಮೊಸಳೆ ಅಂದುಕೊಂಡಿದ್ದ ನನಗೆ, ಇದು ಬೇರೆಯೇ ಜಾತಿ ಅಂತ ಗೊತ್ತಾಗಲು ಒಂದು ವರ್ಷ ಬೇಕಾಯಿತು. ಇದು ರೀಫ್ ಟ್ಯಾಂಕ್. ಸಮುದ್ರದ ಉಪ್ಪು ಬೆರೆಸಿದ ನೀರು, ಅದರೊಳಗೆ ಬಂಡೆ, ಬಂಡೆಯ ಮೇಲೆ ಜೀವಂತ ಹವಳ. ಮೀನು ಎರಡೇ ಎರಡು. ಅವು ಇಲ್ಲಿ ಪೇಯಿಂಗ್ ಗೆಸ್ಟ್. ಮನೆಯ ಯಜಮಾನಿಕೆ ಏನಿದ್ದರೂ ಹ್ಯಾಮರ್‌ನದು.

ಹ್ಯಾಮರ್ ಅಂದರೆ ಒಂದು ಜಾತಿಯ ಹವಳ. ಕಲ್ಲಿನಂಥ ಕಾಂಡ, ಅದರ ತುದಿಗೆ ಮೆತ್ತನೆಯ ಹಸಿರು ಬೆರಳುಗಳ ಗೊಂಚಲು, ಪ್ರತಿ ಬೆರಳಿನ ತುದಿಗೂ ಪುಟ್ಟ ಸುತ್ತಿಗೆಯ ಆಕಾರ. ಮೂರು ವರ್ಷದ ಹಿಂದೆ ಐರೋಲಿಯ ಗೆಳತಿಯೊಬ್ಬಳು ಮಾನಸಿಗೆ ಎರಡು ತಲೆಯ ಒಂದು ತುಂಡು ಕೊಟ್ಟಿದ್ದಳು. ಅದು ಈಗ ಒಂಬತ್ತು ತಲೆಯಾಗಿದೆ. ಒಂದೊಂದು ಹೊಸ ತಲೆ ಒಡೆದಾಗಲೂ ಅವಳು ಅಮ್ಮನಿಂದ ಪಾಯಸ ಮಾಡಿಸಿದ್ದಾಳೆ. (ತಿಂದದ್ದು ಹೆಚ್ಚಾಗಿ ನಾನು. ಹಾಗಾಗಿ ತಕರಾರಿಲ್ಲ.)

ಹವಳಕ್ಕೆ ಕಾಲಿಲ್ಲ. ಊಟ ಅದರ ಹತ್ತಿರ ಬರಬೇಕು, ಕಸ ಅದರಿಂದ ದೂರ ಹೋಗಬೇಕು. ಎರಡೂ ಕೆಲಸ ನೀರಿನದು. ಸಮುದ್ರದಲ್ಲಾದರೆ ಅಲೆ ಇದೆ. ಡೊಂಬಿವಲಿಯ ಮೂರನೇ ಮಹಡಿಗೆ ಅಲೆ ಎಲ್ಲಿಂದ ಬರಬೇಕು? ಅದಕ್ಕಾಗಿ ವೇವ್ ಮೇಕರ್ ಎಂಬ ಪಂಪುಗಳಿವೆ. ಒಂದು ಮುಷ್ಟಿಯ ಗಾತ್ರ. ಗಾಜಿನ ಒಳಗೆ ಪಂಪು, ಹೊರಗೆ ಅಯಸ್ಕಾಂತ, ನಡುವೆ ಗಾಜು. ಅವೆರಡೂ ಒಂದನ್ನೊಂದು ಎಳೆದುಕೊಂಡು ಅಂಟಿಕೊಳ್ಳುವ ರಭಸಕ್ಕೆ ನಡುವೆ ಬೆರಳು ಸಿಕ್ಕಿದರೆ ಅಪ್ಪ ಅಮ್ಮ ನೆನಪಾಗುತ್ತಾರೆ. ನನಗೆ ಎರಡು ಸಲ ನೆನಪಾದರು.

ಆ ವಾರ ಮಾನಸಿ ಆಫೀಸಿನ ಟ್ರೇನಿಂಗ್‌ಗೆ ಪುಣೆಗೆ ಹೋಗಿದ್ದಳು. ಹೋಗುವ ಹಿಂದಿನ ದಿನ ಎರಡು ಪಂಪುಗಳಲ್ಲಿ ಒಂದು ಹಳೇ ಮಿಕ್ಸಿಯ ಹಾಗೆ ಗರಗರ ಅನ್ನತೊಡಗಿತು. ಹೊಸದನ್ನು ಉಲ್ಹಾಸನಗರದ ಅಂಗಡಿಯಿಂದ ತರುವುದು, ಹಳೆಯದನ್ನು ತೆಗೆದು ಅದರ ಜಾಗದಲ್ಲಿ ಕೂರಿಸುವುದು ನಿವೃತ್ತ ತಂದೆಯ ಪಾಲಿಗೆ ಬಂತು. ವಾಟ್ಸ್ಯಾಪ್‌ನಲ್ಲಿ ಚಿತ್ರ ಬರೆದು ಕಳಿಸಿದ್ದಳು. ಕೆಳಗೆ ಮೂರು ವಾಕ್ಯ: "ದೋನೋ ಆಮ್ನೆ-ಸಾಮ್ನೆ. ಥೋಡಾ ಊಪರ್. ಹ್ಯಾಮರ್ ಪೆ ಡೈರೆಕ್ಟ್ ನಹೀ." (ನಾನು ಕನ್ನಡದಲ್ಲಿ ಕೇಳುತ್ತೇನೆ, ಅವಳು ಹಿಂದಿಯಲ್ಲೋ ಮರಾಠಿಯಲ್ಲೋ ಉತ್ತರಿಸುತ್ತಾಳೆ. ಇಲ್ಲಿ ಮಕ್ಕಳನ್ನು ಹೆತ್ತವರಿಗೆಲ್ಲ ಇದು ಮಾಮೂಲು.)

ಅಂದರೆ ಒಂದು ಪಂಪು ಎಡಗಡೆಯ ಗಾಜಿಗೆ, ಇನ್ನೊಂದು ಬಲಗಡೆಯ ಗಾಜಿಗೆ, ಎದುರುಬದುರು, ಸ್ವಲ್ಪ ಮೇಲೆ, ಹ್ಯಾಮರ್‌ಗೆ ನೇರ ತಾಗದ ಹಾಗೆ. ಎರಡೂ ಕಡೆಯ ನೀರು ನಡುವೆ ಬಂದು ಡಿಕ್ಕಿ ಹೊಡೆದು, ರಭಸ ಕಳೆದುಕೊಂಡು, ದಿಕ್ಕಾಪಾಲಾಗಿ ಚದುರಬೇಕು. ಆ ಗೊಂದಲದ ಕೆಳಗೆ ಹ್ಯಾಮರ್ ಹಾಯಾಗಿ ಬೆರಳಾಡಿಸುತ್ತಾ ಕೂರುತ್ತದೆ. ನಾನು ಚಿತ್ರದಲ್ಲಿದ್ದ ಹಾಗೇ ಮಾಡಿದ್ದೆ. ಅಣ್ಣ ಕಾಫಿ ಹಿಡಿದುಕೊಂಡು ಬಂದದ್ದು ಆಗ.

ಅಣ್ಣನಿಗೆ ಎಪ್ಪತ್ತು, ನನಗೆ ಅರುವತ್ತೊಂದು. ಅಪ್ಪ ಹೋದಾಗ ನಾನಿನ್ನೂ ಹೈಸ್ಕೂಲು. ಉಡುಪಿಯಿಂದ ನನ್ನನ್ನು ಕರೆದುಕೊಂಡು ಬಂದು, ಓದಿಸಿ, ಬ್ಯಾಂಕ್ ಪರೀಕ್ಷೆಗೆ ಕೂರಿಸಿದವರು ಅಣ್ಣ. ಠಾಣೆಯ ನೌಪಾಡಾದಲ್ಲಿ ಅವರದೊಂದು ವೆಜಿಟೇರಿಯನ್ ಹೋಟೆಲ್. ಅವರ ಮನೆಗೆ ಪೇಂಟಿಂಗ್ ನಡೆಯುತ್ತಿತ್ತು, ಅತ್ತಿಗೆ ಮದುವೆಗೆಂದು ಊರಿಗೆ ಹೋಗಿದ್ದರು. ಆರು ದಿನ ನಮ್ಮಲ್ಲಿದ್ದರು.

"ಚಿತ್ರದಲ್ಲಿ ಹೀಗೇ ಉಂಟು ಅಣ್ಣ," ಅಂದೆ.

"ಚಿತ್ರ ಬಿಡು ಮಾರಾಯ. ಹೋಟ್ಲಲ್ಲಿ ನಾನು ಎಂತ ಮಾಡಿದ್ದೇನೆ? ಗಿರಾಕಿ ಈ ಬಾಗಿಲಲ್ಲಿ ಒಳಗೆ ಬರ್ಬೇಕು, ಕೂತು ತಿನ್ಬೇಕು, ಎದ್ದು ಕೈ ತೊಳೀಬೇಕು, ಗಲ್ಲಾಕ್ಕೆ ಬರ್ಬೇಕು, ಆ ಬಾಗಿಲಲ್ಲಿ ಹೊರಗೆ ಹೋಗ್ಬೇಕು. ಒಂದೇ ದಿಕ್ಕು. ಎದುರಿಂದ ಇನ್ನೊಬ್ಬ ನುಗ್ಗಿದ್ರೆ ಸಾಂಬಾರು ಯಾರ ಮೇಲೆ ಬೀಳ್ತದೆ ಹೇಳು?"

ನಲವತ್ತು ವರ್ಷ ಮಧ್ಯಾಹ್ನದ ಗಿರಾಕಿಗಳನ್ನು ಸಾಂಬಾರು ಚೆಲ್ಲದೆ ದಾಟಿಸಿದವರ ಅನುಭವ. ಅಣ್ಣ ಕಾಫಿ ಕೆಳಗಿಟ್ಟರು. "ಇದನ್ನು ಮುಂದಿನ ಮೂಲೆಗೆ ಹಾಕು, ನೀರು ಎದುರಿನ ಗಾಜಿನ ಗುಂಟ ಹೋಗ್ಲಿ. ಅದನ್ನು ಹಿಂದಿನ ಮೂಲೆಗೆ ಹಾಕು, ಹಿಂದಿಂದ ವಾಪಸ್ ಬರ್ಲಿ. ಪ್ರದಕ್ಷಿಣೆ ಬಂದ ಹಾಗೆ."

"ಆಯ್ತು ಅಣ್ಣ," ಅಂದೆ.

ಹಾಕಿದೆ. ಕೊನೆಗೆ ವಯರನ್ನು ಸ್ವಿಚ್ಚಿಗಿಂತ ಕೆಳಗೆ ಜೋತುಬಿಟ್ಟು ಮೇಲಕ್ಕೆ ತೆಗೆದುಕೊಂಡೆ. ಹಾಗೆ ಮಾಡಿದರೆ ವಯರಿನ ಮೇಲೆ ಜಾರಿದ ನೀರು ಸ್ವಿಚ್ಚಿಗೆ ಹೋಗದೆ ಕೆಳಗೆ ತೊಟ್ಟಿಕ್ಕುತ್ತದೆ. ಇಡೀ ಕೆಲಸದಲ್ಲಿ ನಾನು ಸರಿಯಾಗಿ ಮಾಡಿದ್ದು ಇದೊಂದೇ. ನೀರು ಶಿಸ್ತಾಗಿ ಸುತ್ತತೊಡಗಿತು. ನೋಡಲು ಚೆನ್ನಾಗಿಯೇ ಇತ್ತು, ಸುಳ್ಳು ಯಾಕೆ ಹೇಳಲಿ?

ಆದರೆ ಎದುರಿನ ಗಾಜಿನ ಗುಂಟ ಹೋಗುವ ನೀರಿನ ನೇರ ದಾರಿಯಲ್ಲಿ ಕೂತಿದ್ದು ಯಾರು? ಹ್ಯಾಮರ್.

ಸೋಮವಾರ ಅದರ ಬೆರಳುಗಳೆಲ್ಲ ಒಂದೇ ಕಡೆಗೆ ಬಾಗಿದ್ದವು, ಫಾಸ್ಟ್ ಲೋಕಲ್ ರೈಲಿನ ಬಾಗಿಲಲ್ಲಿ ನಿಂತವನ ಕೂದಲಿನ ಹಾಗೆ. ಮಂಗಳವಾರ ಬೆರಳುಗಳನ್ನು ಒಳಗೆಳೆದುಕೊಂಡು ಮುದುಡಿತು. ಬುಧವಾರ ಬೆಳಿಗ್ಗೆ ನೀರಿಗೆ ಎದುರಾಗಿದ್ದ ಒಂದು ತಲೆಯ ಅಂಚಿನಲ್ಲಿ ಮಾಂಸ ಸರಿದು ಬಿಳಿಯ ಎಲುಬು ಕಂಡಿತು. ಮೂರು ವರ್ಷದಲ್ಲಿ ಅಂಥ ಬಿಳಿ ಬಣ್ಣವನ್ನು ನಾನು ಆ ತೊಟ್ಟಿಯಲ್ಲಿ ನೋಡಿರಲಿಲ್ಲ.

ಮಾನಸಿ ದಿನಾ ಸಂಜೆ ವಿಡಿಯೋ ಕಾಲ್ ಮಾಡುತ್ತಿದ್ದಳು. "ಪಪ್ಪಾ, ಹ್ಯಾಮರ್ ಕಸಾ ಆಹೆ?" ಹ್ಯಾಮರ್ ಹೇಗಿದೆ? ನಾನು ಫೋನನ್ನು ಎಡಕ್ಕೆ ಹಿಡಿದು ಮೀನು ತೋರಿಸುತ್ತಿದ್ದೆ. "ನೆಟ್‌ವರ್ಕ್ ಸರಿ ಇಲ್ಲ ಮಗಾ," ಅನ್ನುತ್ತಿದ್ದೆ. ಮೂವತ್ತಾರು ವರ್ಷ ಬ್ಯಾಂಕ್ ಕೌಂಟರಿನಲ್ಲಿ ಕೂತು ಬೇರೆಯವರ ಸುಳ್ಳು ಹಿಡಿಯುತ್ತಿದ್ದ ಮನುಷ್ಯ ನಾನು.

ಹಾಗಾದರೆ ಪಂಪು ತಿರುಗಿಸಬಹುದಿತ್ತಲ್ಲ, ಅನ್ನುತ್ತೀರಿ. ತಿರುಗಿಸಿದೆ! ಬುಧವಾರ ಎಂಟು ಗಂಟೆಗೆ ಅಣ್ಣ ಠಾಣೆ ಲೋಕಲ್ ಹಿಡಿಯಲು ಹೊರಟ ಕೂಡಲೇ ಎರಡೂ ಪಂಪುಗಳನ್ನು ಎದುರುಬದುರು ಮಾಡಿದೆ. ಸಂಜೆ ಆರಕ್ಕೆ, ಅಣ್ಣ ಬರುವ ಮೊದಲು, ಪುನಃ ಒನ್‌ವೇ. ಗುರುವಾರವೂ ಅದೇ. ಹಗಲು ಮಗಳ ಸಮುದ್ರ, ಸಂಜೆಯಿಂದ ಅಣ್ಣನ ಸಮುದ್ರ. ಪಾಪದ ಹವಳಕ್ಕೆ ಯಾವುದನ್ನು ನಂಬಬೇಕೋ ತಿಳಿಯದೆ ಇನ್ನೆರಡು ತಲೆಗಳೂ ಬಿಳಿಚಿಕೊಂಡವು.

ಅಣ್ಣನಿಗೆ ಇದೊಂದೂ ಗೊತ್ತಿಲ್ಲ. ಸಂಜೆ ಬಂದು, ಮುಖ ತೊಳೆದು, ತೊಟ್ಟಿಯ ಎದುರು ಕುರ್ಚಿ ಹಾಕಿಕೊಂಡು ನೋಡುತ್ತಿದ್ದರು. "ಈಗ ನೋಡು, ಎಷ್ಟು ಚಂದ ಹೋಗ್ತಾ ಉಂಟು!"

"ಹೌದಣ್ಣ."

ಅಡುಗೆಮನೆಯಲ್ಲಿ ಹೆಂಡತಿ ಸುಜಾತಾ ಪಿಸುದನಿಯಲ್ಲಿ ಬೈದಳು. "ನಿಮಗೆ ಬಾಯಿಲ್ವಾ? ಅದು ಸಾಯ್ತಾ ಉಂಟು, ಹೇಳ್ಲಿಕ್ಕೆಂತ ದಾಡಿ?"

"ನೀನೇ ಹೇಳು."

"ನಾನು ಭಾವನ ಹತ್ರ ಹೇಳುದಾ? ಚಂದ!"

ಮಾತು ಅಲ್ಲಿಗೆ ಮುಗಿಯಿತು. ನಮ್ಮ ಕಡೆ ಗಂಡನ ಅಣ್ಣನಿಗೆ ಹೆಂಗಸರು ಎದುರು ಹೇಳುವುದಿಲ್ಲ. ತಮ್ಮನೂ ಹೇಳುವುದಿಲ್ಲ. 'ಎದುರು' ಅನ್ನುವ ನಮ್ಮ ಮಾತನ್ನೇ ನೋಡಿ. ಎದುರು ಕೂತರು ಅಂದರೆ ಮುಂದೆ ಕೂತರು ಅಂತ. ಎದುರು ಮಾತಾಡಿದ ಅಂದರೆ ಹಿರಿಯರ ಮಾತು ಮೀರಿದ ಅಂತ. ಮಗಳ 'ಆಮ್ನೆ-ಸಾಮ್ನೆ'ಯಲ್ಲಿ ಈ ತೊಂದರೆ ಇಲ್ಲ. ಅಲ್ಲಿ ಇಬ್ಬರೂ ಮುಖ ನೋಡಿಕೊಂಡು ನಿಂತಿರುತ್ತಾರೆ, ಅಷ್ಟೇ.

ಮನೆಯೊಂದರಲ್ಲೇ ಹೀಗೆ ಅಂದುಕೊಳ್ಳಬೇಡಿ. ನಮ್ಮ ಕಟ್ಟಡದ ಸೊಸೈಟಿಯ ಮೀಟಿಂಗ್‌ನಲ್ಲಿ ಸೆಕ್ರೆಟರಿ ಏನೇ ಅಂದರೂ "ಬರೋಬರ್ ಸಾಹೇಬ್". ಕನ್ನಡದವರು ಸೇರಿದ ಸಭೆಯಲ್ಲಿ ಮೈಕ್ ಹಿಡಿದ ಪ್ರತಿಯೊಬ್ಬರೂ "ಅಧ್ಯಕ್ಷರು ಈಗಾಗಲೇ ಹೇಳಿದ ಹಾಗೆ". ನನ್ನ ಬ್ಯಾಂಕಿನಲ್ಲಿ ಮ್ಯಾನೇಜರ್ ಸಾಹೇಬರು ತಪ್ಪು ಫಾರಂನಲ್ಲಿ ಸಹಿ ಮಾಡಿದರೆ, ಮರುದಿನ ಇಡೀ ಬ್ರಾಂಚ್ ಅದೇ ತಪ್ಪು ಫಾರಂ ತುಂಬುತ್ತಿತ್ತು. ಎಲ್ಲವೂ ಒಂದೇ ದಿಕ್ಕಿಗೆ ಸುತ್ತುತ್ತದೆ. ಯಾರ ಮೇಲೂ ಸಾಂಬಾರು ಬೀಳುವುದಿಲ್ಲ. ಕಸ ಮಾತ್ರ ಬಂಡೆಯ ಹಿಂದೆ, ನೀರು ತಾಗದ ಜಾಗದಲ್ಲಿ ಸುಮ್ಮನೆ ಕೂರುತ್ತದೆ. (ನಮ್ಮ ತೊಟ್ಟಿಯಲ್ಲಿ ಐದು ದಿನಕ್ಕೆ ಒಂದು ಬೊಗಸೆಯಷ್ಟು ಕೂತಿತ್ತು.)

ಶುಕ್ರವಾರ ಅಣ್ಣ ನೌಪಾಡಾಕ್ಕೆ ವಾಪಸ್ ಹೋದರು. ಲಿಫ್ಟ್ ಕೆಳಗಿಳಿಯುವ ಮೊದಲೇ ನನ್ನ ಕೈ ನೀರಿನಲ್ಲಿತ್ತು. ಶನಿವಾರ ಮಧ್ಯಾಹ್ನ ಮಾನಸಿ ಬಂದಳು. ಚಪ್ಪಲಿ ಬಿಡುವ ಮೊದಲೇ ತೊಟ್ಟಿಯ ಮುಂದೆ ನಿಂತಳು. ಒಂಬತ್ತು ತಲೆಗಳಲ್ಲಿ ಮೂರು ಬರೀ ಎಲುಬು.

ನಾನು ಎಲ್ಲವನ್ನೂ ಹೇಳಿದೆ. ಹೋಟೆಲಿನ ಬಾಗಿಲು, ಸಾಂಬಾರು, ಹಗಲು ಒಂದು ಸಂಜೆ ಒಂದು ಮಾಡಿದ್ದು, ಯಾವುದನ್ನೂ ಬಿಡಲಿಲ್ಲ. ಅವಳು ಕೂಗಾಡಲಿಲ್ಲ. ಕೂಗಾಡಿದ್ದರೆ ಚೆನ್ನಾಗಿತ್ತು.

"ಪಪ್ಪಾ, ತುಮ್ಹಾಲಾ ದಿಸತ್ ಹೋತಂ ನಾ?" ಅಂತ ಮಾತ್ರ ಕೇಳಿದಳು. ನಿಮಗೆ ಕಾಣುತ್ತಿತ್ತಲ್ಲ?

ಕಾಣುತ್ತಿತ್ತು. ನನಗೆ ಅಷ್ಟು ನಾಚಿಕೆಯಾದದ್ದು ಇತ್ತೀಚೆಗೆ ನೆನಪಿಲ್ಲ.

ಅವಳು ಹ್ಯಾಮರ್ ಅನ್ನು ಹೊರತೆಗೆದು, ಸತ್ತ ಮೂರು ತಲೆಗಳನ್ನು ಕಟರ್‌ನಿಂದ ಕತ್ತರಿಸಿದಳು. ಬಿಟ್ಟರೆ ಕೊಳೆಯುವುದು ಉಳಿದ ಆರಕ್ಕೂ ಹರಡುತ್ತದಂತೆ. ಕಟ್ ಕಟ್ ಕಟ್. ಕಲ್ಲು ತುಂಡಾದ ಸದ್ದು. ಉಳಿದದ್ದನ್ನು ಔಷಧಿಯ ನೀರಿನಲ್ಲಿ ಅದ್ದಿ ಮತ್ತೆ ಬಂಡೆಯ ಮೇಲೆ ಕೂರಿಸಿದಳು. ಕೈ ಒರೆಸಿಕೊಂಡು ಫೋನ್ ತೆಗೆದಳು. ಯಾರಿಗೆ ಅಂತ ನಾನು ಕೇಳುವುದರೊಳಗೆ ಸ್ಪೀಕರಿನಲ್ಲಿ ಅಣ್ಣನ ದನಿ.

"ದೊಡ್ಡಪ್ಪಾ, ಪಾಣ್ಯಾಲಾ ಒನ್‌ವೇ ನಕೋ ಅಸತೋ. ಭಾಂಡಣ್‌ಚ ಪಾಹಿಜೆ!" ನೀರಿಗೆ ಒನ್‌ವೇ ಬೇಡ, ಜಗಳವೇ ಬೇಕು. ಮೂರು ತಲೆ ಸತ್ತದ್ದನ್ನೂ ಹೇಳಿದಳು. ದನಿ ಎತ್ತರಿಸದೆ, ಹೆದರದೆ, ಹವಾಮಾನ ಹೇಳಿದಷ್ಟೇ ಸಲೀಸಾಗಿ. ಸುಜಾತಾ ಅಡುಗೆಮನೆಯ ಬಾಗಿಲಲ್ಲಿ ಸೆರಗು ಹಿಡಿದುಕೊಂಡು ನಿಂತಿದ್ದಳು. ನಾನು ಫ್ಯಾನ್ ನೋಡುತ್ತಿದ್ದೆ.

"ಹೌದಾ?" ಅಂದರು ಅಣ್ಣ. "ಅಯ್ಯೋ, ಛೆ! ನಂಗೆಂತ ಗೊತ್ತು ಮಗಾ ಸಮುದ್ರದ್ದು. ಸಾರಿ ಆಯ್ತಾ? ಉಳಿದದ್ದು ಬದುಕ್ತದಲ್ಲ?"

ಬದುಕುತ್ತದೆ ಅಂದಳು. ಮುಗಿಯಿತು. ಒಂದು ನಿಮಿಷವೂ ಆಗಲಿಲ್ಲ. ಭೂಮಿ ಬಾಯಿ ಬಿಡಲಿಲ್ಲ, ಯಾರೂ ಊಟ ಬಿಡಲಿಲ್ಲ. ಅಣ್ಣನ ಬಾಯಲ್ಲಿ 'ಸಾರಿ' ಇಷ್ಟು ಸುಲಭಕ್ಕೆ ಸಿಗುತ್ತದೆ ಅಂತ ಅರುವತ್ತೊಂದು ವರ್ಷ ನನಗ್ಯಾರೂ ಹೇಳಿರಲಿಲ್ಲ.

"ಅಪ್ಪನಿಗೆ ಕೊಡು," ಅಂದರು. ಸ್ಪೀಕರ್ ಆಫ್ ಮಾಡಿ ಕಿವಿಗೆ ಹಿಡಿದೆ.

"ಅದು ಸಾಯ್ತಾ ಇದ್ದದ್ದು ನಿಂಗೆ ಗೊತ್ತಿತ್ತಾ?"

"ಗೊತ್ತಿತ್ತು ಅಣ್ಣ."

"ಮತ್ತೆ ನಂಗೆ ಹೇಳ್ಲಿಲ್ಲ ಯಾಕೆ? ದಿನಾ ಒಟ್ಟಿಗೆ ಕೂತು ನೋಡಿದ್ದೇವಲ್ಲ."

ಆ ಕಡೆ ಹೋಟೆಲಿನ ತಟ್ಟೆ ಲೋಟಗಳ ಸದ್ದು ಕೇಳುತ್ತಿತ್ತು. ಫೋನ್ ಕಟ್ಟಾಯಿತೇನೋ ಅಂದುಕೊಳ್ಳುವಷ್ಟು ಹೊತ್ತಿನ ನಂತರ ಅಣ್ಣ ಮೆಲ್ಲಗೆ ಕೇಳಿದರು:

"ವಾಶಿದ್ದೂ ಗೊತ್ತಿತ್ತಾ?"

ಹನ್ನೆರಡು ವರ್ಷದ ಹಿಂದೆ ಅಣ್ಣ ವಾಶಿಯಲ್ಲಿ ಎರಡನೇ ಹೋಟೆಲ್ ತೆರೆದಿದ್ದರು. ಜಾಗ ಗಟ್ಟಿ ಮಾಡುವ ಹಿಂದಿನ ಸಂಜೆ ನನಗೆ ತೋರಿಸಲು ಕರೆದುಕೊಂಡು ಹೋಗಿದ್ದರು. ನಾನು ಅರ್ಧ ಗಂಟೆ ಆ ಬಾಗಿಲಲ್ಲಿ ನಿಂತಿದ್ದೆ. ಸ್ಟೇಷನ್ನಿನಿಂದ ಬಂದ ಜನವೆಲ್ಲ ಮೂಲೆಯಲ್ಲೇ ಬಲಕ್ಕೆ ತಿರುಗಿ ಹೋಗುತ್ತಿತ್ತು. ನಮ್ಮ ಅಂಗಡಿ ಇದ್ದದ್ದು ಎಡಕ್ಕೆ. "ಹೇಗುಂಟು?" ಅಂತ ಅಣ್ಣ ಕೇಳಿದ್ದರು. ಕೇಳಿದ್ದರು! ನಾನು "ಚಂದ ಉಂಟಣ್ಣ" ಅಂದಿದ್ದೆ. ಒಂದೂವರೆ ವರ್ಷಕ್ಕೆ ಹೋಟೆಲ್ ಮುಚ್ಚಿತು. ಅಣ್ಣನ ನಡಿಗೆ ನಿಧಾನವಾದದ್ದು ಆ ವರ್ಷದಿಂದ.

"ಇಲ್ಲಣ್ಣ," ಅಂದೆ.

"ಆಯ್ತು," ಅಂದು ಫೋನ್ ಇಟ್ಟರು.

ಈ ಅಂಕಣವನ್ನು ಅಣ್ಣ ಗಲ್ಲಾದಲ್ಲಿ ಕೂತು, ಕನ್ನಡಕ ಹಾಕಿಕೊಂಡು, ಪ್ರತಿ ವಾರ ಕೊನೆಯ ಸಾಲಿನವರೆಗೆ ಓದುತ್ತಾರೆ.

ಅಣ್ಣಾ, ಗೊತ್ತಿತ್ತು.