ನೀರುಗಂಟಿ ಸೋಮಯ್ಯ ಹೇಳಿಕೊಟ್ಟ ನಿಯಮ

ಚಿನಕುರಳಿಯ ಆಚೆಗಿನ ಒಂದು ಕಿರುನಾಲೆಯ ಮೇಲೆ ಸೋಮಯ್ಯ ಮೂವತ್ತೊಂದು ವರ್ಷ ನೀರುಗಂಟಿಯಾಗಿದ್ದ. ಯಾವ ತೂಬಿನ ಬಾಗಿಲು ಎಷ್ಟು ಎತ್ತಬೇಕು, ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಹರಿಯಬೇಕು ಎಂದು ನೋಡಿಕೊಳ್ಳುವುದು ಅವನ ಕೆಲಸ. ಆ ಕೆಲಸ ಬಿಟ್ಟು ಏಳೆಂಟು ವರ್ಷವಾಗಿದ್ದರೂ ಅವನು ನಾಲೆ ಏರಿಯ ಮೇಲೆ ಕಂಡರೆ ಜನ ಸೈಕಲ್ಲು ನಿಲ್ಲಿಸಿ, "ಈ ಸಲ ಕನ್ನಂಬಾಡಿ ಕಟ್ಟೆ ತುಂಬ್ತದಾ ಸೋಮಯ್ಯ?" ಎಂದು ಕೇಳುತ್ತಿದ್ದರು.

ಅವನನ್ನು ಹುಡುಕಿಕೊಂಡು ಸಮ್ರೀನ್ ಬಂದಳು. ಶ್ರೀರಂಗಪಟ್ಟಣದ ಗಂಜಾಂನವಳು, ಪಾಂಡವಪುರದ ಕಾಲೇಜೊಂದರಲ್ಲಿ ಭೂಗೋಳ ಪಾಠ ಹೇಳುತ್ತಿದ್ದಳು. ನೀರು ಹಂಚಿಕೊಂಡು ಬದುಕುವುದನ್ನು ಕಲಿಸಲು ಒಂದು ಆಟ ಮಾಡುತ್ತಿದ್ದಳು. ಬಡಗಿಯಾಗಿದ್ದ ಅವಳಪ್ಪ ಪ್ಲೈವುಡ್ ಹಲಗೆ ಕೊಯ್ದು ಕೊಟ್ಟಿದ್ದರು. ಅದರ ಮೇಲೆ ನೀಲಿ ಬಣ್ಣದ ನಾಲೆ, ಆರು ತೂಬು, ಆರು ಗದ್ದೆ. ನೀರಿನ ಬದಲು ಗಾಜಿನ ಮಣಿ. ಒಬ್ಬೊಬ್ಬರು ಒಂದೊಂದು ಗದ್ದೆ ಹಿಡಿದು ಭತ್ತವೋ ಕಬ್ಬೋ ರಾಗಿಯೋ ಬೆಳೆಯಬೇಕು; ಏಳನೆಯವರು ನೀರುಗಂಟಿ. ನಾಲೆ ಸಾಲದಿದ್ದರೆ ಬೋರಿನ ಮಣಿ ತೆಗೆಯಬಹುದು, ಆದರೆ ಆ ಚೀಲ ಎಲ್ಲರಿಗೂ ಒಂದೇ. ಅದು ಬರಿದಾದರೆ ಆರು ಜನವೂ ಸೋತಂತೆ. ಸುತ್ತಿಗೊಂದು ವರ್ಷದಂತೆ ಹತ್ತು ವರ್ಷ ದಾಟಿಸಿದರೆ ಎಲ್ಲರೂ ಗೆದ್ದಂತೆ.

"ನೀರು ಕಮ್ಮಿಯಾದ ವರ್ಷ ನೀವು ಏನು ಮಾಡ್ತಿದ್ರಿ ತಾತ?" ಎಂದು ಅವಳು ಕೇಳಿದಳು.

"ಕೊನೇ ಗದ್ದೆಗೆ ಮೊದ್ಲು ಬುಡ್ತಿದ್ದೆ ಕಣವ್ವ. ಕೊನೇಲಿರೋನ್ಗೆ ತಲುಪ್ತು ಅಂದ್ರೆ ಮೊದಲ್ನೋನ್ಗೆ ತಪ್ಪಾಕಿಲ್ಲ."

ಹೆಚ್ಚಿನ ವರ್ಷ ಅದು ನಿಜವೇ ಆಗಿತ್ತು. ಸಮ್ರೀನ್ ಕಣ್ಣರಳಿಸಿ ಬರೆದುಕೊಂಡಳು. ಅವಳು ಬರೆಯುವುದನ್ನು ನೋಡುತ್ತ ಸೋಮಯ್ಯನಿಗೆ ಹಿಗ್ಗಾಯಿತು. ಉಳಿದದ್ದನ್ನು ಅವನು ಹೇಳಲಿಲ್ಲ.

ಒಂದು ತಿಂಗಳಾದ ಮೇಲೆ ಅವಳು ಆಟವನ್ನು ಊರಿಗೇ ತಂದಳು. ಬೆಳಗಿನ ಹಾಲು ಅಳೆದು ಮುಗಿದ ಮೇಲೆ ಡೈರಿಯ ಜಗಲಿಯಲ್ಲಿ ಹಲಗೆ ಹಾಸಿದರು. ನೀರುಗಂಟಿಯ ಜಾಗದಲ್ಲಿ ಸೋಮಯ್ಯನನ್ನೇ ಕೂರಿಸಿದರು. ಆಡಲು ಕೂತ ಆರು ಜನರಲ್ಲಿ ಮುದ್ದಯ್ಯನೂ ಒಬ್ಬ. ಆ ನಾಲೆಯ ಕಟ್ಟಕಡೆಯ ಗದ್ದೆ ಅವನದು, ಸೋಮಯ್ಯನ ಓರಗೆಯವನು.

ಸಮ್ರೀನ್ ಒಂದು ಕಾರ್ಡು ಎತ್ತಿ ಹಿಡಿದಳು. "ಇದು ಸೋಮಯ್ಯ ತಾತ ಹೇಳಿಕೊಟ್ಟ ನಿಯಮ. ಅದಕ್ಕೇ 'ಸೋಮಯ್ಯನ ಕಟ್ಟು' ಅಂತ ಹೆಸರಿಟ್ಟಿದೀನಿ. ನೀರು ಕಮ್ಮಿಯಾದ್ರೆ ಕೊನೇ ಗದ್ದೆಗೆ ಮೊದಲು."

ಮುದ್ದಯ್ಯ ಆ ಕಾರ್ಡನ್ನು ಈಸಿಕೊಂಡು, ತೋಳಿನುದ್ದ ದೂರ ಹಿಡಿದು ಓದಿದ. "ಒಳ್ಳೇ ನಿಯಮ. ಇಂಗೇ ನಡ್ದಿದ್ರೆ ಸಂದಾಕಿರೋದು," ಎಂದು ವಾಪಸ್ಸು ಕೊಟ್ಟ.

ಸೋಮಯ್ಯ ತಲೆ ತಗ್ಗಿಸಿ ಮಣಿ ಹಂಚತೊಡಗಿದ. ಹತ್ತು ವರ್ಷವೂ ಸಲೀಸಾಗಿ ದಾಟಿತು. ಎಲ್ಲರೂ ಗೆದ್ದರು. ಗೆದ್ದವರಲ್ಲಿ ಇಬ್ಬರು ಆಗಲೇ ಆಕಳಿಸುತ್ತಿದ್ದರು.

ಹಲಗೆ ಎತ್ತಿಡುತ್ತ ಸಮ್ರೀನ್, "ಎಲ್ಲೋ ತಪ್ಪಿದೀನಿ ತಾತ. ಕಾಲೇಜಲ್ಲೂ ಇದೇ ಕಥೆ. ನನ್ನ ಆಟದಲ್ಲಿ ಕೊನೇ ಗದ್ದೆ ಒಣಗೋದೇ ಇಲ್ಲ. ನಿಜವಾಗ್ಲೂ ಒಣಗುತ್ತಲ್ಲ? ಯಾಕೆ ಅಂತ ಗೊತ್ತಾಗ್ತಿಲ್ಲ," ಎಂದಳು.

ಯಾಕೆಂದು ಸೋಮಯ್ಯನಿಗೆ ಗೊತ್ತಿತ್ತು. ಮೂರು ದಿನ ಅವನು ತಟ್ಟೆಯಲ್ಲಿ ಅರ್ಧ ಬಿಟ್ಟು ಎದ್ದ. "ಏನಾಗದೆ ನಿಂಗೆ?" ಎಂದು ಹೆಂಡತಿ ಮಾದಮ್ಮ ಕೇಳಿದರೆ ಮೈ ಬೆಚ್ಚಗಿದೆ ಎಂದ. ನಾಲ್ಕನೆಯ ದಿನ ಬಸ್ಸು ಹತ್ತಿ ಪಾಂಡವಪುರಕ್ಕೆ ಹೋಗಿ, ಕಾಲೇಜಿನ ಗೇಟಿನ ಹತ್ತಿರ ಅವಳಿಗಾಗಿ ಕಾದು ನಿಂತ.

"ಆ ನಿಯಮ ಸುಳ್ಳು ಕಣವ್ವ," ಎಂದ ಅವಳ ಮುಖ ನೋಡದೆ. "ಎಲ್ಡು ಸಾವ್ರದ ಅನ್ನೆಲ್ಡರಾಗೆ ನಾಲೇಲಿ ನೀರು ಕಮ್ಮಿ ಇತ್ತು. ಮೊದಲ್ನೇ ತೂಬಿನ ಶಿವಶಂಕರಪ್ಪನ ಕಬ್ಬಿಗೆ ನಾನು ಎಚ್ಚಿಗೆ ಬುಟ್ಟೆ. ಕೊನೇ ಗದ್ದೆಗೆ ಓಗ್ನೇ ಇಲ್ಲ."

ಸಮ್ರೀನ್ ಬೈಯುತ್ತಾಳೆ ಎಂದುಕೊಂಡಿದ್ದ. ಅವಳು, "ಬಾಗಿಲು ಎಷ್ಟು ಎತ್ತಿದ್ರಿ?" ಎಂದು ಕೇಳಿದಳು.

"ಎಲ್ಡು ಬೆಳ್ಳು," ಎಂದು ಬೆರಳು ಜೋಡಿಸಿ ತೋರಿಸಿದ.

ಅವಳು ಬ್ಯಾಗಿನಿಂದ ಪುಸ್ತಕ ತೆಗೆದು ಅದನ್ನೂ ಬರೆದುಕೊಂಡಳು. ಬೈದಿದ್ದರೆ ಇಷ್ಟು ನೋಯುತ್ತಿರಲಿಲ್ಲ ಎನ್ನಿಸಿತು ಸೋಮಯ್ಯನಿಗೆ. "ಇದನ್ನ ಆಟಕ್ಕೆ ಸೇರಿಸಲಾ ತಾತ?" ಎಂದಳು. "ಸೇರ್ಸು. ನನ್ನೆಸ್ರು ಕಿತ್ತಾಕು," ಎಂದು ಹೇಳಿ ಬಸ್ ಸ್ಟ್ಯಾಂಡಿನ ಕಡೆ ನಡೆದವನಿಗೆ, ತಾನು ನಿಜ ಹೇಳಲು ಬಂದದ್ದೋ ಹೆಸರು ಉಳಿಸಿಕೊಳ್ಳಲು ಬಂದದ್ದೋ ತಿಳಿಯಲಿಲ್ಲ.

ಹೊಸ ನಿಯಮದಲ್ಲಿ ನೀರುಗಂಟಿ ತನಗೆ ಬೇಕಾದವರಿಗೆ ಯಾರಿಗೂ ಕಾಣದಂತೆ ಎರಡು ಮಣಿ ಹೆಚ್ಚು ಕೊಡಬಹುದಿತ್ತು. ಅದೇ ಡೈರಿ ಜಗಲಿಯಲ್ಲಿ ಮತ್ತೆ ಆಡಿದರು. ಈ ಸಲ ಸೋಮಯ್ಯ ಹಾಲಿನ ಕ್ಯಾನುಗಳ ಹಿಂದೆ ನಿಂತಿದ್ದ. ನೀರುಗಂಟಿಯಾಗಿದ್ದವನು ಡೈರಿಯ ಸಂತೋಷ್. ಮೂರನೆಯ ವರ್ಷಕ್ಕೇ ಕೊನೆಯ ಗದ್ದೆ ಒಣಗಿತು. ಅದನ್ನು ಹಿಡಿದವನು ಬೋರಿನ ಮಣಿಗೆ ಕೈಹಾಕಿದ, ಅವನನ್ನು ನೋಡಿ ಪಕ್ಕದವನು, ಆಮೇಲೆ ಎಲ್ಲರೂ. ಆರನೆಯ ವರ್ಷಕ್ಕೆ ಚೀಲ ಖಾಲಿ. "ಯಾವನ್ಲಾ ತಿಂದೋನು ನೀರ?" ಎಂದು ಕಿರುಚಾಡಿದರು, ನಕ್ಕರು, ಇನ್ನೊಂದು ಆಟ ಹಾಕು ಎಂದು ದುಂಬಾಲು ಬಿದ್ದರು. ಸಮ್ರೀನಳ ಮುಖ ಬೆಳಗಿತ್ತು. ಸೋಮಯ್ಯನಿಗೆ ಆ ನಗು ಮೈಮೇಲೆ ಬಿದ್ದಂತಾಗುತ್ತಿತ್ತು.

ಮುದ್ದಯ್ಯ ಆಡಲು ಬಂದಿರಲಿಲ್ಲ. ಸೋಮಯ್ಯ ಅಲ್ಲಿಂದ ನೇರ ಅವನ ಗದ್ದೆಗೆ ನಡೆದ. ಮುದ್ದಯ್ಯ ಬದುವಿನ ಮೇಲೆ ಕೂತು ಹಸುವಿಗೆ ಹುಲ್ಲು ಕುಯ್ಯುತ್ತಿದ್ದ.

"ಮುದ್ದಯ್ಯ, ಆ ನೀರಿಲ್ದ ವರ್ಸ ನಿನ್ ಭತ್ತ ಹೊಡೆ ಕಟ್ಟಿ ತೆನೆ ಬರೋವಾಗ ನೀರು ಬಂದಿತ್ತು ಕಣ್ಲಾ. ನಾನೇ ತಿರುಗಿಸ್ಬುಟ್ಟೆ."

ಮುದ್ದಯ್ಯ ಕುಡುಗೋಲು ನಿಲ್ಲಿಸಲಿಲ್ಲ. "ಗೊತ್ತು. ನಾನು ಮೊದಲ್ನೇ ತೂಬಿನ ತಾವ್ಕೆ ಬಂದಿದ್ದೆ. ನೀರು ದಬದಬ ಅಂತ ಓಯ್ತಿತ್ತು."

"ಮತ್ತೆ ಯಾಕ್ ಕೇಳ್ನಿಲ್ಲ?"

"ಕೇಳಿದ್ನಲ್ಲ. ಮ್ಯಾಲಿಂದ್ಲೇ ಬುಟ್ಟಿಲ್ಲ ಅಂದೆ ನೀನು. ನನ್ ಮಕ ನೋಡ್ಕೊಂಡೇ ಅಂದೆ. ಆಮ್ಯಾಕೆ ಏನ್ ಕೇಳಾನ?"

ಆ ವರ್ಷ ಮುದ್ದಯ್ಯ ತೆನೆ ಬಾರದ ಪೈರನ್ನು ಕುಯ್ದು ದನಕ್ಕೆ ಹಾಕಿದ್ದ. ಆ ಹೊರೆ ಹೊತ್ತು ನಾಲೆ ಏರಿಯ ಮೇಲೆ ಬರುತ್ತಿದ್ದವನಿಗೆ ಸೋಮಯ್ಯ ಸೈಕಲ್ಲಿಳಿದು ದಾರಿ ಬಿಟ್ಟಿದ್ದ.

"ಏನ್ ಕೊಟ್ಟ ಶಿವಶಂಕರಪ್ಪ?" ಎಂದು ಮುದ್ದಯ್ಯ ಕೇಳಿದ.

"ಏನೂ ಇಲ್ಲ."

ಈಗ ಕುಡುಗೋಲು ನಿಂತಿತು. "ಏನೂ ಇಲ್ದೇನಾ?" ಮುದ್ದಯ್ಯನ ದನಿ ಮೊದಲ ಸಲ ಏರಿತು. "ಏನೂ ಇಲ್ದೆ ನನ್ ಗದ್ದೆ ಒಣಗಿಸ್ದಾ?"

ಸೋಮಯ್ಯನಿಗೆ ಸಮ್ರೀನಳ ಮುಂದೆಯೂ ನುಂಗಿಕೊಂಡಿದ್ದ ಮಾತು ಬಾಯಿಗೆ ಬಂತು. "ಕುರ್ಚಿ ಕೊಡ್ತಿದ್ದ. ನಡುಮನೇಲಿ. 'ಸೋಮಣ್ಣ, ಕೂತ್ಕೋ' ಅಂತಿದ್ದ. ಅವನ ಮನೇರು ಕುಡಿಯೋ ಲೋಟ್ದಾಗೇ ಕಾಫಿ ಕೊಡ್ತಿದ್ದ. ನಮ್ಮಪ್ಪನ್ನ ಅವ್ರಪ್ಪ ಜಗಲಿ ಹತ್ತಾಕೂ ಬುಟ್ಟಿರ್ನಿಲ್ಲ, ನಿಂಗೇ ಗೊತ್ತಲ್ಲ."

ಮುದ್ದಯ್ಯ ಕುಯ್ದ ಹುಲ್ಲನ್ನು ಒಟ್ಟುಮಾಡತೊಡಗಿದ. "ನಮ್ಮನೇಲಿ ಕುರ್ಚಿ ಇರ್ನಿಲ್ಲ. ಬಂದಿದ್ರೆ ಚಾಪೆ ಆಕ್ತಿದ್ದೆ ಕಣ್ಲಾ," ಎಂದ. ಕಂತೆ ಕಟ್ಟಿದ. ಎತ್ತಿಕೊಡಲು ಸೋಮಯ್ಯ ಮುಂದೆ ಬಂದರೆ ಬೇಡವೆನ್ನಲಿಲ್ಲ, ಕೊಡು ಎಂದೂ ಅನ್ನಲಿಲ್ಲ. ತಲೆಗೇರಿಸಿಕೊಂಡು ಹೊರಟ.

ಆಟ ಈಗ ಕೆ.ಆರ್. ಪೇಟೆ, ನಾಗಮಂಗಲದ ಶಾಲೆಗಳಿಗೂ ಹೋಗಿದೆ. ಸಮ್ರೀನ್ ಕರೆದಳೆಂದು ಸೋಮಯ್ಯ ಒಮ್ಮೆ ನಾಗಮಂಗಲಕ್ಕೆ ಹೋಗಿದ್ದ. ಮಕ್ಕಳು ಮಣಿ ಕದ್ದು ಕೊಟ್ಟು ನಗುವಾಗ ಎದ್ದು ಹೊರಗೆ ಬಂದ. ಮುದ್ದಯ್ಯನೂ ಅವನೂ ದಿನಾ ಡೈರಿಯಲ್ಲಿ ಸಿಗುತ್ತಾರೆ. ಹಸು, ಮಳೆ, ಹಾಲಿನ ಫ್ಯಾಟು ಎಂದು ಮಾತಾಡುತ್ತಾರೆ. ಮಾತಾಡುವಾಗ ಸೋಮಯ್ಯ ಅವನ ಕಾಲ ಬಳಿಯ ನೆಲ ನೋಡುತ್ತಾನೆ. ಮುದ್ದಯ್ಯ ಅದನ್ನು ಗಮನಿಸಿದ್ದಾನೆ. ತಲೆಯೆತ್ತು ಎಂದು ಇದುವರೆಗೆ ಹೇಳಿಲ್ಲ.