ಗುಣವಾದವರು ಬಾರದ ಕೋಣೆ

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಸೀಮೆಯಲ್ಲಿ ಮೈಕೈ ನೋವೆಂದರೆ ಎಣ್ಣೆ ತಿಕ್ಕಿಸಿಕೊಂಡು ಮೂಲೆ ಹಿಡಿದು ಕೂರುವುದೇ ಮದ್ದೆಂದು ನಂಬಿದ್ದವರನ್ನು ಎಬ್ಬಿಸಿ ನಡೆಸಿದ ಕೀರ್ತಿಯಲ್ಲಿ ಶ್ರೀ ಗುರುಶಾಂತ ಅವರದು ದೊಡ್ಡ ಪಾಲು. ಫಿಸಿಯೋಥೆರಪಿ ಎಂಬ ಮಾತು ನಾಲಿಗೆ ಮೇಲೆ ಹೊರಳದೆ ಜನ ಅವರನ್ನು ‘ಕಸರತ್ತಿನ ಡಾಕ್ಟ್ರು’ ಎಂದು ಕರೆದರು. ಅವರು ಆ ಬಿರುದನ್ನು ಬೋರ್ಡಿನ ಮೇಲಿನ ಪದವಿಗಿಂತ ಹೆಚ್ಚು ಅಕ್ಕರೆಯಿಂದ ಹೊತ್ತುಕೊಂಡರು.

ಹಡಗಲಿಯಲ್ಲಿ ಸೇವೆಗೆ ಸೇರಿ, ಹರಪನಹಳ್ಳಿಯಲ್ಲಿ ಪಳಗಿ, ಈಗ ಕೂಡ್ಲಿಗಿಯಲ್ಲಿ ನಿವೃತ್ತರಾಗುತ್ತಿರುವ ಅವರು, ರೋಗಿಯ ನೋವಿಗಿಂತ ಮೊದಲು ಅವರ ದಿನದ ಕೆಲಸವೇನೆಂದು ವಿಚಾರಿಸಿ, ಆ ಕೆಲಸದೊಳಗಿಂದಲೇ ವ್ಯಾಯಾಮವನ್ನು ಹೆಕ್ಕಿ ಕೊಡುತ್ತಿದ್ದರು. ಸ್ವಲ್ಪದರಿಂದ ಶುರುಮಾಡಿ ಮೆಲ್ಲಗೆ ಹೆಚ್ಚಿಸಬೇಕು, ಒಂದಿಷ್ಟು ನೊಂದಿತೆಂದ ಮಾತ್ರಕ್ಕೆ ಮೈ ಕೆಟ್ಟಿತೆಂದು ಬೆದರಬಾರದು ಎಂದು ಬೇಸರವಿಲ್ಲದೆ ತಿಳಿಹೇಳುತ್ತಿದ್ದರು. ಗುಣವಾದವರನ್ನು ‘ಹೋಗಿ ಬರ್ರಿ’ ಎಂದು ಬೀಳ್ಕೊಟ್ಟವರಲ್ಲ. ‘ಇನ್ನ ಬರಬ್ಯಾಡ್ರಿ’ ಎಂದು ನಗುತ್ತಿದ್ದರು. ಜನರೂ ಅದನ್ನು ಚಾಚೂ ತಪ್ಪದೆ ಪಾಲಿಸಿದರು. ಗುರುಶಾಂತರ ಕೊರಗೂ ಅದೇ. ವಾಸಿಯಾದವರು ಬರುವುದಿಲ್ಲ, ಬೇಸತ್ತು ಕೈಬಿಟ್ಟವರೂ ಬರುವುದಿಲ್ಲ. ಯಾರು ಯಾವ ಪೈಕಿ ಎಂದು ಹೇಳುವವರಿಲ್ಲ.

ಗುಡೇಕೋಟೆಯ ಮಾರೆಮ್ಮನ ವಿಷಯದಲ್ಲಿ ಈ ಕೊರಗು ಅವರನ್ನು ಬಹಳ ಕಾಡಿತು. ಭುಜ ಬಿಗಿದುಕೊಂಡು ಬಲಗೈ ಮೇಲೇಳದ ಆ ತಾಯಿ ಬಯಸಿದ್ದು ಇಷ್ಟೇ.

“ತುರುಬು ಕಟ್ಟಿಕೊಳ್ಳಂಗಾದ್ರ ಸಾಕ್ರಿ ಸರ. ದಿನಾ ಸೊಸಿ ಮುಂದ ತಲಿ ಕೊಟ್ಟು ಕುಂದ್ರಾಕ ಮನಸಿಗೆ ಒಂಥರಾ ಆಗ್ತೈತಿ.”

ಸೊಸೆ ಕೋಮಲಾ ಅತ್ತೆಯನ್ನು ಹೂವಿನಂತೆ ನೋಡಿಕೊಂಡಿದ್ದಳು. ರೊಟ್ಟಿ ಬಡಿಯುವುದರಿಂದ ಹಿಡಿದು ಕಸ ಗುಡಿಸುವವರೆಗೆ ಎಲ್ಲ ಕೆಲಸವನ್ನೂ ಅವರ ಕೈಯಿಂದ ಕಸಿದುಕೊಂಡಿದ್ದಳು. ಭುಜ ಮತ್ತಷ್ಟು ಬಿಗಿದದ್ದು ಹಾಗೆ. ಕೆಲಸ ಮರಳಿಸಲು ಗುರುಶಾಂತರು ಹೇಳಿದಾಗ ಅವಳು ಒಪ್ಪಲಿಲ್ಲ.

“ನೋವಿರೋ ಅತ್ತಿ ಕೈಲಿ ರೊಟ್ಟಿ ಬಡಿಸಿದ್ರ ಓಣ್ಯಾಗ ಮಂದಿ ನನಗ ಏನಂತಾರ್ರಿ?”

“ಅಂದ್ರ ಅನ್ಲಿ ಅವ್ವ. ಚಲೋ ಸೊಸಿ ಅನ್ನಿಸಿಕೊಳ್ಳಾಕ ಹೋಗಿ ನೀ ಅವರ ಕೈ ಕಟ್ಟಿಹಾಕೀದಿ. ಒಂದ ರೊಟ್ಟಿಯಿಂದ ಶುರು ಮಾಡ್ಲಿ, ಬಿಡು.”

ಕೋಮಲಾ ಕಣ್ಣೊರೆಸಿಕೊಂಡಳು. ಆಮೇಲೆಯೂ ಇಬ್ಬರೂ ಕೆಲವು ವಾರ ಬಂದರು; ಗೋಡೆಯ ಮೇಲೆ ಬೆರಳು ಹತ್ತಿಸುತ್ತ ಹತ್ತಿಸುತ್ತ ಮಾರೆಮ್ಮನ ಕೈ ಕಿವಿಯ ಮಟ್ಟಕ್ಕೆ ಬಂತು. ಅಷ್ಟರಲ್ಲಿ ಬರುವುದು ನಿಂತುಹೋಯಿತು. ತಮ್ಮ ಬಿರುಮಾತೇ ಆ ಮನೆಯವರನ್ನು ದೂರ ಮಾಡಿತೆಂದು ಗುರುಶಾಂತರು ಒಳಗೊಳಗೇ ನೊಂದರು. ಗುಡೇಕೋಟೆಯ ಕಡೆಯವರು ಯಾರೇ ಬರಲಿ, ಬಾಗಿಲ ಕಡೆ ಅವರ ಕಣ್ಣು ಹೊರಳುತ್ತಿತ್ತು. ಫೋನ್ ಮಾಡಿ ಕೇಳಲು ಧೈರ್ಯ ಸಾಲಲಿಲ್ಲ. ಎಂಥ ಬಿಗಿದ ಕೀಲಿಗೂ ಹೆದರದ ಮನುಷ್ಯ ಅಲ್ಲಿ ಅಳುಕಿದರು.

ಈಚೆಗೆ ಕಾನಹೊಸಹಳ್ಳಿಯಲ್ಲಿ ಅವರ ಬಸ್ಸು ನಿಂತಿದ್ದಾಗ, ಕಿಟಕಿಯಾಚೆ ಅತ್ತೆ-ಸೊಸೆ ಕಂಡರು. ಗಾಳಿಗೆ ಮಾರೆಮ್ಮನ ತುರುಬು ಬಿಚ್ಚಿಕೊಂಡಿತು. ಕೋಮಲಾ ಕೈ ಚಾಚಿದಳು. ಮಾರೆಮ್ಮ ಅದನ್ನು ಅತ್ತ ಸರಿಸಿ, ಪಿನ್ನು ಹಲ್ಲಲ್ಲಿ ಕಚ್ಚಿಕೊಂಡು, ಎರಡೂ ಕೈ ತಲೆಯ ಹಿಂದಕ್ಕೆ ಒಯ್ದು ಗಂಟು ಬಿಗಿದರು. ಸೊಸೆ ನಗುತ್ತಿದ್ದಳು. ಗುರುಶಾಂತರು ಕಿಟಕಿಯ ಗಾಜು ಸರಿಸಲು ತಡಕಾಡುವಷ್ಟರಲ್ಲಿ ಬಸ್ಸು ಹೊರಟಿತು.

ಮರುದಿನ ಗುರುಶಾಂತರು ಸಹೋದ್ಯೋಗಿ ಅಮೃತಾ ಅವರಿಗೆ ಇದನ್ನು ಹೇಳಿಕೊಂಡರು. “ನನ್ನ ನೋಡ್ಲಿಲ್ಲವ್ವ. ಕೈ ಎದ್ದೈತಿ, ನನಗ ಅಷ್ಟ ಸಾಕಾಗಬೇಕಿತ್ತು. ಸಾಕಾಗ್ಲಿಲ್ಲ ನೋಡು.”

ನಿವೃತ್ತಿಯ ನಂತರ ಕೊಟ್ಟೂರಿನ ತಮ್ಮ ಮನೆಯ ಪಡಸಾಲೆಯಲ್ಲಿ ವ್ಯಾಯಾಮ ಕಲಿಸುವುದನ್ನು ಮುಂದುವರಿಸಲಿರುವ ಗುರುಶಾಂತ ಅವರು ನೂರ್ಕಾಲ ಆರೋಗ್ಯದಿಂದ ಬಾಳಲಿ. ಅವರ ಕೈಯಲ್ಲಿ ಇನ್ನೂ ಅಸಂಖ್ಯ ಜನ ಗುಣಹೊಂದಿ, ಅವರನ್ನು ಮರೆತು, ತಮ್ಮ ಬದುಕಿಗೆ ಮರಳಲಿ. ಆದರೂ ಅವರಲ್ಲಿ ಒಬ್ಬರಾದರೂ, ಯಾವುದಾದರೂ ಬಸ್‌ ನಿಲ್ದಾಣದಲ್ಲಿ, ಒಮ್ಮೆ ತಿರುಗಿ ಕಿಟಕಿಯ ಕಡೆ ನೋಡಲಿ.